ಉಗ್ಗನ್ನು ಒಪ್ಪಿಕೊಂಡರೆ ಸರಿಹೋಗುವ ಪ್ರಯತ್ನವೇ ನಿಂತುಹೋಗಲ್ವಾ?

ಬಿ.ಕಾಂ. ಮುಗಿಸಿದ್ದೀರಿ, ಸಂದರ್ಶನದಲ್ಲಿ ಸ್ವಂತ ಹೆಸರೇ ಬಾಯಿಂದ ಹೊರಡಲ್ಲ, ಅಮ್ಮ ದಿನಾ ‘ನಿಧಾನವಾಗಿ ಮಾತಾಡು’ ಅಂತಾರೆ, ಉಳಿದವರು ‘ಇರೋದನ್ನ ಒಪ್ಕೋ’ ಅಂತಾರೆ, ಒಪ್ಪಿಕೊಂಡುಬಿಟ್ಟರೆ ಇಷ್ಟೇ ಆಗಿ ಉಳಿದುಬಿಡ್ತೀನಾ ಅನ್ನೋ ಭಯ ಅಂತ ಬರೆದಿದ್ದೀರಿ. ನನಗೂ ಚಿಕ್ಕಂದಿನಿಂದ ಉಗ್ಗು. ವಯಸ್ಸು ನಲವತ್ತು ದಾಟಿದೆ, ಈಗಲೂ ಉಗ್ಗುತ್ತೇನೆ. ಒಪ್ಪಿಕೊಂಡ ಮೇಲೇ ನನ್ನ ಮಾತಿನ ಮೇಲೆ ನಿಜವಾಗಿ ಕೆಲಸ ಮಾಡೋಕೆ ಆಗಿದ್ದು. ಅದಕ್ಕೆ ಮುಂಚೆ ಇದ್ದ ಶಕ್ತಿಯೆಲ್ಲ ಮುಚ್ಚಿಡೋದಕ್ಕೇ ಖರ್ಚಾಗುತ್ತಿತ್ತು.

ಕಾಲೇಜಿಗೆ ಹೋಗುವಾಗ ಜಯನಗರದಿಂದ ಬಸ್ಸು. ಇಳಿಯಬೇಕಿದ್ದದ್ದು ಕಾರ್ಪೊರೇಷನ್. ಕಂಡಕ್ಟರ್ ಪಕ್ಕಕ್ಕೆ ಬಂದು ‘ಎಲ್ಲಿಗ್ರೀ?’ ಅಂದ ತಕ್ಷಣ ‘ಕ’ ಗಂಟಲಲ್ಲೇ ಕಟ್ಟಿಕೊಳ್ಳೋದು, ದವಡೆ ಬಿಗಿಯೋದು, ಕಣ್ಣು ತಾನಾಗಿ ಮುಚ್ಚಿಕೊಳ್ಳೋದು. ಹಿಂದೆ ನಿಂತವರು ಇಣುಕಿ ನೋಡೋರು. ‘ಮ’ ನನಗೆ ಸಲೀಸು. ಹಾಗಾಗಿ ಮೆಜೆಸ್ಟಿಕ್‌ಗೆ ಟಿಕೆಟ್ ತಗೊಂಡು ಕಾರ್ಪೊರೇಷನ್‌ನಲ್ಲೇ ಇಳಿದುಬಿಡುತ್ತಿದ್ದೆ. ದರ್ಶಿನಿಯಲ್ಲಿ ಕಾಫಿ ಬೇಕಿದ್ದರೂ ಟೀ ಕೇಳುತ್ತಿದ್ದೆ. ಕನ್ನಡದಲ್ಲಂತೂ ಬಚ್ಚಿಟ್ಟುಕೊಳ್ಳೋಕೆ ಜಾಗ ಜಾಸ್ತಿ, ಪದ ಹಿಂದೆಮುಂದೆ ಮಾಡಿದರೂ ಅರ್ಥ ಕೆಡಲ್ಲ. ‘ಕಿರಣ ನಿನ್ನೆ ಬಂದಿದ್ದ’ ಅನ್ನೋ ಬದಲು ‘ನಿನ್ನೆ ಬಂದಿದ್ನಲ್ಲ, ಅದೇ, ಕಿರಣ’ ಅಂದರೆ ಯಾರಿಗೂ ಗೊತ್ತೇ ಆಗಲ್ಲ. ಆದರೆ ಸ್ವಂತ ಹೆಸರಿಗೆ ಬದಲಿ ಪದ ಇಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಹೆಸರೇ ಎಲ್ಲಕ್ಕಿಂತ ಕಷ್ಟ ಆಗೋದಕ್ಕೆ ಇದೂ ಒಂದು ಕಾರಣ. ನಿಮ್ಮ ಧೈರ್ಯಕ್ಕೂ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ.

ಜೋಸೆಫ್ ಶೀಹನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಇದ್ದರು, ಅವರಿಗೂ ಉಗ್ಗಿತ್ತು. ಉಗ್ಗನ್ನು ಅವರು ಸಮುದ್ರದಲ್ಲಿ ತೇಲೋ ನೀರ್ಗಲ್ಲಿಗೆ (ಐಸ್‌ಬರ್ಗ್) ಹೋಲಿಸಿದರು. ಜನಕ್ಕೆ ಕೇಳಿಸೋದು ಮೇಲಿನ ತುದಿ. ಭಯ, ನಾಚಿಕೆ, ತಪ್ಪಿತಸ್ಥ ಭಾವ ಎಲ್ಲ ನೀರಿನಡಿಯಲ್ಲಿ. ಮನಸ್ಸಿನ ನೆಮ್ಮದಿ ತಿನ್ನೋದು ಆ ಕೆಳಗಿನ ಭಾಗವೇ. ಎಷ್ಟು ಸಲ ಮಾತು ತಡೆಯಿತು ಅನ್ನೋದಕ್ಕಿಂತ ಎಷ್ಟು ಸಲ ಮಾತಾಡದೇ ಎದ್ದು ಬಂದೆವು ಅನ್ನೋದು ಹೆಚ್ಚು ನೋಯಿಸುತ್ತೆ.

ಕಾರಣದ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ನಾಚಿಕೆ ಹುಟ್ಟೋದು ಅಲ್ಲಿಂದ. ವಯಸ್ಕರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಉಗ್ಗಿರುತ್ತೆ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ವಂಶವಾಹಿಯ ಪಾತ್ರ ಇದೆ, ಮಾತಿನ ಸ್ನಾಯುಗಳನ್ನು ಮಿದುಳು ನಡೆಸೋ ರೀತಿಯಲ್ಲಿ ವ್ಯತ್ಯಾಸ ಇದೆ. ಚಿಕ್ಕವನಿದ್ದಾಗ ಅಜ್ಜಿ ನನ್ನ ನಾಲಿಗೆಗೆ ಬಜೆ ತೇದು ಹಚ್ಚುತ್ತಿದ್ದರು, ಪ್ರೀತಿಯಿಂದಲೇ. ಆದರೆ ನಾಲಿಗೆಯಲ್ಲಿ ದೋಷವೇನೂ ಇರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ಹಾಡುವಾಗ ಒಂದಕ್ಷರವೂ ತಡೆಯುತ್ತಿರಲಿಲ್ಲ. ‘ಹಾಡೋಕೆ ಬರುತ್ತಲ್ಲ, ಹಾಗಾದ್ರೆ ಇದು ಬರೀ ಮನಸ್ಸಿನ ಹೆದರಿಕೆ’ ಅನ್ನೋರು ನಿಮಗೂ ಸಿಕ್ಕಿರ್ತಾರೆ. ಉಗ್ಗೋರು ಹಾಡುವಾಗ, ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗ ಉಗ್ಗದೇ ಇರೋದು ಎಲ್ಲ ಕಡೆ ಕಂಡಿರೋ ಸಂಗತಿ. ಹೆದರಿಕೆ ಉಗ್ಗನ್ನು ಹೆಚ್ಚಿಸುತ್ತೆ ನಿಜ, ಹುಟ್ಟಿಸಲ್ಲ.

ಥೆರಪಿಗೆ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ‘ಆಯಿಷ್’ ಅಂತಾರೆ, ಕೇಂದ್ರ ಸರ್ಕಾರದ್ದು. ದೂರ ಅನ್ನಿಸಿದರೆ ಹತ್ತಿರದ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರಾ ವಿಚಾರಿಸಿ. ‘ಇಷ್ಟು ದಿನದಲ್ಲಿ ಪೂರ್ತಿ ಗುಣ’ ಅಂತ ಗ್ಯಾರಂಟಿ ಕೊಡೋರ ಹತ್ತಿರ ಮಾತ್ರ ಹೋಗಬೇಡಿ. ದೊಡ್ಡವರಾದ ಮೇಲೂ ಉಳಿದ ಉಗ್ಗು ಪೂರ್ತಿ ಮಾಯವಾಗೋದು ಅಪರೂಪ, ಆದರೆ ಅದರ ಬಿಗಿ ಬಹಳ ಸಡಿಲ ಆಗುತ್ತೆ. ನನ್ನ ಥೆರಪಿಸ್ಟ್ ಮಾಡಿಸಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇಕಂತಲೇ ಉಗ್ಗೋದು. ಸುಲಭವಾಗಿ ಬರೋ ಪದದ ಮೇಲೇ, ಎದುರಿನವರ ಮುಖ ನೋಡುತ್ತಾ, ‘ಟೊ-ಟೊ-ಟೊಮ್ಯಾಟೊ ಎಷ್ಟು ಕೆಜಿಗೆ?’ ಅಂತ. ತರಕಾರಿಯವಳು ಬೆಲೆ ಹೇಳಿ ತಕ್ಕಡಿ ಎತ್ತಿದಳು, ಅಷ್ಟೇ. ನಾನು ವರ್ಷಗಟ್ಟಲೆ ಹೆದರಿದ್ದು ಯಾವುದಕ್ಕೋ ಅದನ್ನು ನಾನೇ ಮಾಡಿದ್ದೆ, ಏನೂ ಆಗಲಿಲ್ಲ. ಒಪ್ಪಿಕೊಳ್ಳೋದು ಅಂದರೆ ಇಂಥದ್ದು, ಕನ್ನಡಿ ಮುಂದೆ ನಿಂತು ‘ನಾನು ಚೆನ್ನಾಗಿದ್ದೀನಿ’ ಅಂತ ಜಪ ಮಾಡೋದರಿಂದ ನನಗಂತೂ ಏನೂ ಆಗಲಿಲ್ಲ.

ಸಂದರ್ಶನದಲ್ಲಿ ಕೂತ ತಕ್ಷಣ ‘ನನಗೆ ಮಾತು ಉಗ್ಗುತ್ತೆ, ಕೆಲವು ಪದಕ್ಕೆ ಸ್ವಲ್ಪ ಸಮಯ ಹಿಡಿಯುತ್ತೆ’ ಅಂತ ಹೇಳಿಬಿಡಿ. ಕ್ಷಮೆ ಕೇಳಬೇಡಿ, ಸುದ್ದಿ ತಿಳಿಸೋ ಹಾಗೆ ಹೇಳಿ. ಮುಚ್ಚಿಡೋದಕ್ಕೆ ಏನೂ ಉಳಿಯದಿದ್ದಾಗ ಹೆಸರು ತಡೆದರೂ ಅಷ್ಟು ಗಾಬರಿ ಆಗಲ್ಲ.

ಊಟ ನಿದ್ದೆ ಕೆಟ್ಟಿದ್ದರೆ, ಬದುಕೋದೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಉಗ್ಗಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ನಿಮ್ಮ ಅಮ್ಮನಿಗೆ ಈ ಕೊನೇ ಪ್ಯಾರಾ ತೋರಿಸಿ. ಅಮ್ಮಾ, ‘ನಿಧಾನ’ ಅನ್ನಬೇಡಿ, ಪದವನ್ನು ನೀವೇ ಮುಗಿಸಿಕೊಡಬೇಡಿ. ಅಡುಗೆಮನೆ ಕೆಲಸ ಒಂದು ನಿಮಿಷ ಬಿಟ್ಟು, ಅವನ ಮುಖ ನೋಡಿ, ಮಾತು ಮುಗಿಯೋ ತನಕ ಕಾಯಿರಿ. ಆಮೇಲೆ ಅವನು ಹೇಳಿದ ವಿಷಯಕ್ಕೆ ಉತ್ತರ ಕೊಡಿ.