ಮಾಡೆಲ್ ರೈಲಿನ ಮನೆ, ಸ್ಟೇಷನ್ ಕಿಟ್: ಎಚ್‌ಒ ತಗೊಳ್ಳಲೋ, ಎನ್ ತಗೊಳ್ಳಲೋ?

ಕೋಲಾರದಿಂದ ನಮಸ್ಕಾರ. ಚಿಕ್ಕಬಳ್ಳಾಪುರದ ನಿಮ್ಮ ಮನೆಯಲ್ಲಿ ಮಾಡೆಲ್ ರೈಲಿಗೆ ನಾಲ್ಕಡಿಗೆ ಆರಡಿ ಮೇಜಿದೆ, ಯಾವ ಸ್ಕೇಲ್‌ನಲ್ಲಿ ಕಟ್ಟಡದ ಕಿಟ್ ಜಾಸ್ತಿ ಸಿಗುತ್ತವೆ, ಯಾವುದು ಅಗ್ಗ ಅಂತ ಕೇಳಿದ್ದೀರಿ. ಆಯ್ಕೆ ಬೇಕಿದ್ದರೆ ಕಣ್ಣು ಮುಚ್ಚಿಕೊಂಡು ಎಚ್‌ಒ, ಅಂದರೆ 1:87, ಅಸಲಿಗಿಂತ 87 ಪಟ್ಟು ಚಿಕ್ಕ ಅಳತೆ. ಫಾಲರ್, ವಾಲ್ಥರ್ಸ್ ಕಂಪನಿಗಳ ಕಿಟ್‌ಗಳಲ್ಲಿ ಹೆಚ್ಚಿನವು ಈ ಅಳತೆಯವೇ. ಆಮೇಲೆ ಎನ್, 1:160. ಇನ್ನೂ ಚಿಕ್ಕ ಝಡ್, ಎಲ್ಲಕ್ಕಿಂತ ದೊಡ್ಡ ಒ, ಎರಡರಲ್ಲೂ ಆಯ್ಕೆ ಕಡಿಮೆ. ಒ ಜೇಬಿಗೂ ಭಾರ.

ಎನ್ ಕಟ್ಟಡ ಎಚ್‌ಒದ ಹತ್ತಿರಹತ್ತಿರ ಅರ್ಧ ಸೈಜು, ಹಾಗಂತ ಬೆಲೆಯೂ ಅರ್ಧ ಅಂದುಕೊಳ್ಳಬೇಡಿ. ಚಿಕ್ಕದಾದರೂ ಅಚ್ಚು ಮಾಡಿಸುವ ಖರ್ಚು ಇದ್ದೇ ಇರುತ್ತದೆ ಅಲ್ವಾ? ಉಳಿಯುವುದು ಜಾಗ. 20 ಮೀಟರ್ ಉದ್ದದ ಸ್ಟೇಷನ್ ಎಚ್‌ಒದಲ್ಲಿ 23 ಸೆಂ.ಮೀ., ಎನ್‌ನಲ್ಲಿ 12.5. ಹೊರದೇಶದಿಂದ ತರಿಸಿದರೆ ಕೊರಿಯರ್, ಸುಂಕ ಬೇರೆ. ನಾನೊಮ್ಮೆ ಒಂದೇ ಒಂದು ಪುಟ್ಟ ಮನೆ ತರಿಸಿದ್ದೆ. ಅದರ ಬೆಲೆ ಇವತ್ತಿಗೂ ಮನೆಯವರಿಗೆ ಹೇಳಿಲ್ಲ.

ಕೈ ಬಿಗಿಯಿದ್ದರೆ ಬ್ರಿಟನ್ನಿನ ಕಂಪನಿ ಮೆಟ್‌ಕಾಫ್‌ನ ರಟ್ಟಿನ ಕಿಟ್ ನೋಡಿ. ಅವು ಒಒ, ಅಂದರೆ ಬ್ರಿಟನ್ನಿನಲ್ಲಿ ಬಳಸುವ 1:76 ಅಳತೆ, ಮತ್ತು ಎನ್‌ನಲ್ಲಿ ಬರುತ್ತವೆ. ಒಒ ಕಟ್ಟಡವನ್ನು ಎಚ್‌ಒ ಹಳಿಯಿಂದ ಸ್ವಲ್ಪ ದೂರ ಇಟ್ಟರೆ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ಆದರೆ ಎಲ್ಲ ಇಂಗ್ಲೆಂಡಿನ ಮನೆಗಳೇ. ನಿಮ್ಮ ಪಕ್ಕದ ನಂದಿ ಹಾಲ್ಟ್ ಸ್ಟೇಷನ್ ಬೇಕಾದರೆ ಟೇಪು ಹಿಡಿದು ಅಳತೆ ತಗೊಂಡು, ರಟ್ಟು ಕತ್ತರಿಸಿ ನೀವೇ ಕಟ್ಟಿ.