ಸಂಪಾದಕರ ಉತ್ತರ: ಮೊದಲು ಹಾಜರಿ ಪುಸ್ತಕ ಕೇಳಿ

ದಾವಣಗೆರೆ ನಿಟುವಳ್ಳಿಯ ಓದುಗರೊಬ್ಬರ ಪತ್ರ: "ನನ್ನ ಮಗ ಗಾರೆ ಮೇಸ್ತ್ರಿ. ಈಗ ಎಲ್ಲಿ ಮನೆ ಎದ್ದರೂ ಬಿಹಾರ, ಬಂಗಾಳದವರೇ ಕೆಲಸಕ್ಕೆ. ಕಡಿಮೆ ಕೂಲಿಗೆ ಬರುತ್ತಾರೆ. ಕನ್ನಡ ಬಾರದು, ನಾವೇ ಹಿಂದಿ ಮಾತಾಡಬೇಕು. ಅವರಲ್ಲಿ ಬಾಂಗ್ಲಾದೇಶದವರೂ ಇದ್ದಾರೆಂಬ ಅನುಮಾನ ನನಗಿದೆ. ಕೆಲವರ ಫೋಟೊ ಕಳಿಸಿದ್ದೇನೆ, ಅಚ್ಚು ಮಾಡಿ. ಇವರನ್ನೆಲ್ಲ ವಾಪಸ್ ಕಳಿಸಿ ಎಂದು ನೀವು ಯಾಕೆ ಬರೆಯುವುದಿಲ್ಲ?"

ಮಾನ್ಯರೇ,

ನಿಮ್ಮ ಪತ್ರದಲ್ಲಿರುವುದು ಮೂರು ದೂರು: ಕೂಲಿ, ಪೌರತ್ವ, ಭಾಷೆ. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಕಚೇರಿ. ಮೂರನ್ನೂ ಒಂದೇ ಗಂಟು ಕಟ್ಟಿ "ವಾಪಸ್ ಕಳಿಸಿ" ಎಂದು ಕೂಗಿದರೆ ಯಾವ ಕಚೇರಿಯೂ ಉತ್ತರ ಕೊಡಬೇಕಾಗಿ ಬರುವುದಿಲ್ಲ. ನಿಮ್ಮ ಮಗನ ಕೂಲಿ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಇಲ್ಲಿ ದೊಡ್ಡ ಪ್ರಶ್ನೆ, ಹಾಗಾಗಿ ಅದನ್ನೇ ಮೊದಲು ನೋಡೋಣ.

ಹೊರಗಿನವನು ಅಗ್ಗವಾದದ್ದು ಹೇಗೆ? ನಿಮ್ಮ ಮಗನ ದಿನಗೂಲಿ 900 ರೂಪಾಯಿ, ಎಂಟು ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಬಿಹಾರದವನಿಗೆ 700. ಆದರೆ ಅವನು ಮಲಗುವುದೂ ಅದೇ ಕಟ್ಟಡದಲ್ಲಿ. ಬೆಳಗ್ಗೆ 7ಕ್ಕೆ ಕರಣೆ ಹಿಡಿದರೆ ರಾತ್ರಿ 8, ಊಟದ ಹೊತ್ತು ಕಳೆದು ಹನ್ನೆರಡು ಗಂಟೆ. ಗಂಟೆಗೆ ನಿಮ್ಮ ಮಗನಿಗೆ 112 ರೂಪಾಯಿ ಬಿದ್ದರೆ ಅವನಿಗೆ 58. ಎಂಟು ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ದರ ಕೊಡಬೇಕೆಂಬುದು ಕಾನೂನು. 700ರ ದಿನಗೂಲಿ ಗಂಟೆಗೆ 87.50 ಆಗುತ್ತದೆ. ಹೆಚ್ಚಿನ ನಾಲ್ಕು ಗಂಟೆಗೆ 175ರಂತೆ ಇನ್ನೊಂದು 700. ಅವನಿಗೆ ಸಲ್ಲಬೇಕಾದದ್ದು ಒಟ್ಟು 1,400, ಅಂದರೆ ಗಂಟೆಗೆ 116 ಚಿಲ್ಲರೆ. ಕಾನೂನಿನಂತೆ ಬಟವಾಡೆ ಮಾಡಿದ ದಿನ ನಿಮ್ಮ ಮಗನಿಗಿಂತ ಅವನೇ ತುಟ್ಟಿ! ಉಳಿದ 700 ರೂಪಾಯಿ ದಿನವೂ ಯಾರ ಜೇಬಿಗೆ ಹೋಗುತ್ತಿದೆ ಎಂದು ಕೇಳಬೇಕಾದವರು ನೀವೂ ಹೌದು, ಅವನೂ ಹೌದು.

ಇದು ನಡೆಯುವುದು ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲದ ಕಾರಣ. ಮಾಲೀಕರು ಕೆಲಸವನ್ನು ಗುತ್ತಿಗೆದಾರನಿಗೆ ಕೊಡುತ್ತಾರೆ, ಅವನು ಚದರಡಿ ಲೆಕ್ಕದಲ್ಲಿ ಇನ್ನೊಬ್ಬನಿಗೆ, ಆ ಇನ್ನೊಬ್ಬ ಊರಲ್ಲಿ ಮುಂಗಡ ಕೊಟ್ಟು ಹುಡುಗರನ್ನು ರೈಲು ಹತ್ತಿಸುವ ಠೇಕೇದಾರನಿಗೆ. ಮುಂಗಡ ತೀರುವವರೆಗೆ ಹುಡುಗ ಬಾಯಿ ಬಿಡುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂಥ ಐದು ಮಂದಿ ಇದ್ದರೂ ಅನ್ವಯಿಸುತ್ತಿತ್ತು. ಅದೇ ಕೆಲಸಕ್ಕೆ ಸ್ಥಳೀಯನಿಗೆ ಕೊಡುವಷ್ಟೇ ಕೂಲಿ ಕೊಡಬೇಕೆಂದೂ ಅದರಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಈ ಮಿತಿ ಹತ್ತಕ್ಕೇರಿತು. ಇದು ತಪ್ಪು ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಮನೆ ಕಟ್ಟುವ ಸಣ್ಣ ಸೈಟುಗಳು ಇದರಿಂದ ಕೈತಪ್ಪಿ ಹೋಗುತ್ತವೆ. ಆದರೂ ಕನಿಷ್ಠ ಕೂಲಿಗೆ, ಹೆಚ್ಚಿನ ದುಡಿಮೆಯ ಎರಡರಷ್ಟು ದರಕ್ಕೆ ಈ ಹತ್ತರ ಮಿತಿ ಇಲ್ಲ.

ದೂರನ್ನು ಕಾರ್ಮಿಕ ಇಲಾಖೆಗೆ ಬರವಣಿಗೆಯಲ್ಲೇ ಕೊಡಿ. ಸೈಟಿನ ವಿಳಾಸ, ಗುತ್ತಿಗೆದಾರನ ಹೆಸರು, ಕೆಲಸ ಶುರುವಾಗುವ ಮತ್ತು ಬಿಡುವ ಹೊತ್ತು, ಬಟವಾಡೆ ಯಾವ ವಾರ, ಇಷ್ಟಿರಲಿ. "ಹೊರಗಿನವರು ತುಂಬಿದ್ದಾರೆ" ಎಂದು ಬರೆದರೆ ಕಡತ ಅಲ್ಲೇ ಮುಚ್ಚುತ್ತದೆ, ಅದು ಅಪರಾಧವಲ್ಲ. "ಹನ್ನೆರಡು ಗಂಟೆ ದುಡಿಸುತ್ತಾರೆ, ಹಾಜರಿ ಪುಸ್ತಕ ಇಟ್ಟಿಲ್ಲ" ಎಂದು ಬರೆದರೆ ಅದು ತಪಾಸಣೆಯ ವಿಷಯ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಎದ್ದು ಬರಬೇಡಿ.

ಮೀಸಲಾತಿ ತಂದು ತಡೆಯಬಹುದಲ್ಲ ಎನ್ನುವವರಿದ್ದಾರೆ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಶೇ. 75 ಎಂದ ಹರಿಯಾಣದ ಕಾಯ್ದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತು. ನಮ್ಮ ಸರ್ಕಾರದ ಮಸೂದೆ 2024ರ ಜುಲೈನಲ್ಲಿ ಸಂಪುಟದ ಒಪ್ಪಿಗೆ ಪಡೆದು ಕೆಲವೇ ದಿನಗಳಲ್ಲಿ ನಿಂತಿತು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಆ ಹಕ್ಕು ನಮ್ಮವರಿಗೂ ಬೇಕು. ಕಾಫಿ ಕುಯ್ಲಿಗೆ ಚಿಕ್ಕಮಗಳೂರು, ಕೊಡಗಿಗೆ ಹೋಗುವ ನಮ್ಮ ಕಡೆಯ ತಾಂಡಾಗಳ ಜನ ಅಲ್ಲಿ ಹೊರಗಿನವರೇ. ಗೋವಾದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಾವು ನೊಂದೆವು, ಆ ನೋವು ಸರಿಯಾಗಿಯೇ ಇತ್ತು.

ಇನ್ನು ಬಾಂಗ್ಲಾದೇಶದ ಅನುಮಾನ. ಬಂಗಾಳಿ ಮಾತಾಡುವವರು ಪಶ್ಚಿಮ ಬಂಗಾಳದಲ್ಲಿದ್ದಾರೆ, ತ್ರಿಪುರಾದಲ್ಲಿದ್ದಾರೆ, ಅಸ್ಸಾಮಿನ ಬರಾಕ್ ಕಣಿವೆಯಲ್ಲಿದ್ದಾರೆ. ಮಾತು ಕೇಳಿ ದೇಶ ಹೇಳಲಾಗದು. ಆಧಾರ್‌ನಿಂದಲೂ ಆಗದು. ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯೂ ಆಧಾರ್‌ಗೆ ಅರ್ಜಿ ಹಾಕಬಹುದು, ಅದು ಪೌರತ್ವದ ಪುರಾವೆಯಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ನೇಪಾಳದವರ ವಿಷಯ ಬೇರೆ, 1950ರ ಒಪ್ಪಂದದಂತೆ ಅವರು ಇಲ್ಲಿ ನೆಲೆಸಿ ದುಡಿಯಬಹುದು. ಅಕ್ರಮವಾಗಿ ಬಂದ ವಿದೇಶಿಯ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಶೀಲನೆ ಪೊಲೀಸರ ಕೆಲಸ. ಗಟ್ಟಿ ಕಾರಣವಿದ್ದರೆ ಠಾಣೆಗೆ ಬರೆದು ಕೊಡಿ. ಬೀದಿಯಲ್ಲಿ ನಿಲ್ಲಿಸಿ ಕಾಗದ ಕೇಳುವ ಅಧಿಕಾರ ನಿಮಗೂ ಇಲ್ಲ, ಯಾವ ಸಂಘಟನೆಗೂ ಇಲ್ಲ. ವಿದೇಶಿಗೆ ಮನೆ ಬಾಡಿಗೆ ಕೊಟ್ಟವರು ಮಾತ್ರ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸಬೇಕು. ನೀವು ಕಳಿಸಿದ ಮುಖಗಳನ್ನು ನಾವು ಅಚ್ಚು ಮಾಡುವುದಿಲ್ಲ. ನಾಳೆ ಅವರಲ್ಲೊಬ್ಬನಿಗೆ ಪೆಟ್ಟು ಬಿದ್ದರೆ ಅದರಲ್ಲಿ ನಮ್ಮ ಪತ್ರಿಕೆಯ ಕೈಯೂ ಇರುತ್ತದೆ.

ನಮ್ಮ ಊರು ಪೇಟೆಯಾಗಿ ಬೆಳೆದದ್ದೇ ಬಂದವರಿಂದ. ಹೈದರಾಲಿ ಕಾಲದಲ್ಲಿ ದಾವಣಗೆರೆ ಜಹಗೀರು ಪಡೆದ ಮರಾಠ ಸರದಾರ ಅಪ್ಪಾಜಿ ರಾಮ್ ವರ್ತಕರನ್ನು ಕರೆದು ನೆಲೆಗೊಳಿಸಿದನೆಂದು ಹಳೆಯ ಗೆಜೆಟಿಯರ್‌ನಲ್ಲಿದೆ. ಮುಂದೆ ಹತ್ತಿ ಗಿರಣಿಗಳು ಇನ್ನಷ್ಟು ಜನರನ್ನು ತಂದವು. ಕಾರ್ಮಿಕ ನಾಯಕ ಪಂಪಾಪತಿಯವರನ್ನು 1978, 1983, 1985ರಲ್ಲಿ ವಿಧಾನಸಭೆಗೆ ಕಳಿಸಿದ ಊರಿದು. ಕೂಲಿಯ ಜಗಳವನ್ನು ಕೂಲಿಯ ಜಗಳವಾಗಿಯೇ ಆಡುವುದು ನಮಗೆ ಹೊಸದಲ್ಲ.

ಭಾಷೆಯ ದೂರನ್ನು ಪೂರ್ತಿ ಒಪ್ಪುತ್ತೇನೆ. ಇಲ್ಲಿ ದುಡಿಯುವವರು ಕನ್ನಡ ಕಲಿಯಬೇಕು. ಸಾರುವೆಯ ಮೇಲೆ ನಿಂತವನಿಗೆ "ಹಲಗೆ ಸಡಿಲಿದೆ, ಹಿಂದೆ ಸರಿ" ಎಂಬುದು ತಿಳಿಯದಿದ್ದರೆ ಹೋಗುವುದು ಅವನ ಜೀವ. ಕಲಿಸುವ ಪ್ರಯತ್ನಗಳು ಸೋಲುವುದು ಹೊತ್ತು ಮತ್ತು ಪಾಠದ ತಪ್ಪಿನಿಂದ: ಸಂಜೆ 5ಕ್ಕೆ ತರಗತಿ, ಮೊದಲ ದಿನವೇ ಅ ಆ ಇ ಈ. ಭಾನುವಾರ ಬೆಳಗ್ಗೆ ಸೈಟಿನಲ್ಲೇ ಒಂದು ಗಂಟೆ ಸಾಕು. ಎಣಿಕೆ, ಕೂಲಿಯ ಲೆಕ್ಕ, ಸಾಮಾನಿನ ಹೆಸರು, ಅಪಾಯದ ಮಾತು, ಆಸ್ಪತ್ರೆಯಲ್ಲಿ ಹೇಳುವ ಮೈಕೈ ನೋವು ಮೊದಲು ಬರಲಿ. ಅಕ್ಷರ ಆಮೇಲೆ. ಮೇಸ್ತ್ರಿಗಳು ಹಿಂದಿಗೆ ಜಾರದೆ ಅದೇ ಕನ್ನಡ ಮಾತನ್ನು ದಿನವೂ ಆಡಬೇಕು, ನಿಮ್ಮ ಮಗನೂ ಸೇರಿ.

ಈ ಕಾರ್ಮಿಕರಿಗೆ ಮಕ್ಕಳಿದ್ದರೆ ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿ. ವರ್ಗಾವಣೆ ಪತ್ರವಿಲ್ಲ, ಜನನ ಪ್ರಮಾಣಪತ್ರವಿಲ್ಲ, ಜೂನ್ ಕಳೆಯಿತು ಎಂದು 6ರಿಂದ 14 ವರ್ಷದ ಮಗುವನ್ನು ಶಾಲೆ ತಿರುಗಿಸಿ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಒಪ್ಪದಿದ್ದರೆ ಮಗುವಿನ ಹೆಸರು, ವಯಸ್ಸು, ಶಾಲೆ, ತಾರೀಖು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ.

— ಸಂ.