ಸೇತುವೆ ಕಾಮಗಾರಿಯ ಪ್ರಗತಿ ಅಳೆಯಲು ಯಾವ ಹನ್ನೆರಡು ಸೂಚ್ಯಂಕಗಳನ್ನು ಡ್ಯಾಶ್‌ಬೋರ್ಡಿನಲ್ಲಿ ಇಡಬೇಕು?

ಹನ್ನೆರಡು ಬೇಡ. ಪ್ಲಾನಿಂಗ್ ಎಂಜಿನಿಯರ್ ಆಗಿದ್ದಾಗ ನಾನೂ ನಿಮ್ಮಂತೆಯೇ ಪಟ್ಟಿಯನ್ನು ಉದ್ದ ಮಾಡುತ್ತಾ ಹೋಗಿದ್ದೆ. ಕೊನೆಗೆ ನನಗೆ ಕೈಕೊಟ್ಟದ್ದು ಅವುಗಳಲ್ಲಿ ಎಲ್ಲರೂ ಹೆಚ್ಚು ನಂಬುವ ಎಸ್‌ಪಿಐ, ಅಂದರೆ ಕಾಮಗಾರಿ ವೇಳಾಪಟ್ಟಿಗಿಂತ ಮುಂದಿದೆಯೋ ಹಿಂದಿದೆಯೋ ಎಂದು ತೋರಿಸುವ ಸೂಚ್ಯಂಕ.

ಮಲೆನಾಡಿನ ಹೊಳೆಯೊಂದಕ್ಕೆ ಸೇತುವೆ ಕಟ್ಟುವ ಗುತ್ತಿಗೆ ನಮ್ಮದಾಗಿತ್ತು. ಹೊಳೆಯ ಪಾತ್ರದಲ್ಲಿ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಕೊರೆದು ತಳಪಾಯ ಮುಗಿಸುವ ಕೆಲಸ ಜೂನ್ ತಿಂಗಳ ಮಳೆಗೆ ಮೊದಲೇ ಆಗಬೇಕು. ತಪ್ಪಿದರೆ ನೀರು ಇಳಿಯುವ ತನಕ, ಅಂದರೆ ದೀಪಾವಳಿ ಕಳೆಯುವ ತನಕ, ಅಲ್ಲಿಗೆ ಯಂತ್ರ ಇಳಿಸುವಂತಿಲ್ಲ. ಪೈಲಿಂಗ್ ರಿಗ್ ನಿಲ್ಲಬೇಕಾದ ಜಾಗದ ಮೇಲೆಯೇ ಹೈಟೆನ್ಷನ್ ತಂತಿ ಹಾದುಹೋಗಿತ್ತು. ಅದರ ಸ್ಥಳಾಂತರದ ಕಡತ ಅಂದಾಜು ಪಟ್ಟಿ, ಠೇವಣಿ, ಮಂಜೂರಾತಿ ಎಂದು ಮೇಜಿನಿಂದ ಮೇಜಿಗೆ ಸಾಗುತ್ತಿತ್ತು. ಕೆಲಸಗಾರರನ್ನು ಸುಮ್ಮನೆ ಕೂರಿಸಬಾರದೆಂದು ನಾವು ದಡದ ಯಾರ್ಡಿನಲ್ಲಿ ಗರ್ಡರ್ (ಕಂಬಗಳ ಮೇಲೆ ಕೂರಿಸುವ ತೊಲೆ) ಕಾಸ್ಟಿಂಗ್ ಆರಂಭಿಸಿದೆವು. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ.

ತಪ್ಪು ನನ್ನ ಲೆಕ್ಕದಲ್ಲಿತ್ತು. ಅದನ್ನು ಬಿಡಿಸಿ ಹೇಳಲೇಬೇಕು. ಈವರೆಗೆ ಆದ ಕೆಲಸದ ಬಜೆಟ್ ಮೌಲ್ಯವನ್ನು ಈವರೆಗೆ ಆಗಬೇಕಿದ್ದ ಕೆಲಸದ ಬಜೆಟ್ ಮೌಲ್ಯದಿಂದ ಭಾಗಿಸಿದರೆ ಎಸ್‌ಪಿಐ ಸಿಗುತ್ತದೆ. ಅದು ಒಂದಕ್ಕಿಂತ ಹೆಚ್ಚಿದ್ದರೆ ಕಾಮಗಾರಿ ಮುಂದಿದೆ ಎಂದು ಓದುವುದು ವಾಡಿಕೆ. ದುಂಡು ಅಂಕಿಗಳಲ್ಲಿ ಹೇಳುವುದಾದರೆ, 10 ಕೋಟಿಯ ಗುತ್ತಿಗೆಯಲ್ಲಿ ಮಾರ್ಚ್ ಕೊನೆಗೆ 4 ಕೋಟಿಯ ಕೆಲಸ ಆಗಬೇಕಿದ್ದು, 4.2 ಕೋಟಿಯದು ಆಗಿದ್ದರೆ ಎಸ್‌ಪಿಐ 1.05. ಈ ಭಾಗಾಕಾರಕ್ಕೆ ಎಷ್ಟು ರೂಪಾಯಿಯ ಕೆಲಸ ಎಂಬುದು ಮಾತ್ರ ಗೊತ್ತು, ಯಾವ ಕೆಲಸ ಎಂಬುದು ಗೊತ್ತಿಲ್ಲ. 8 ಲಕ್ಷದ ತಂತಿ ಸ್ಥಳಾಂತರ ಇಡೀ ಗುತ್ತಿಗೆಯ ಶೇ. 0.8ರಷ್ಟು, ಅದು ಪೂರ್ತಿ ನಿಂತರೂ ಅಂಕಿ ಅಷ್ಟೇನೂ ಅಲುಗುವುದಿಲ್ಲ. ಅದರಿಂದಾಗಿ ನಿಂತುಹೋದ ಪೈಲುಗಳ ಕೊರತೆಯನ್ನು, ಅವಧಿಗೆ ಮೊದಲೇ ಸಿದ್ಧವಾದ ದುಬಾರಿ ಗರ್ಡರುಗಳ ಮೌಲ್ಯ ಮುಚ್ಚಿಹಾಕಿತು. ನಾನು ವಾರವಾರವೂ ಹಸಿರು ಬಣ್ಣದ ವರದಿ ಕಳಿಸಿದೆ. ಹಸಿರು ಕಂಡ ಮೇಲಧಿಕಾರಿಗಳಿಗೆ ವಿದ್ಯುತ್ ಕಚೇರಿಯಲ್ಲಿ ಹೋಗಿ ಕೂರುವ ಅಗತ್ಯ ಕಾಣಲಿಲ್ಲ. ಮಳೆ ಬಂತು. ಗರ್ಡರುಗಳನ್ನು ಕೂರಿಸಲು ಕಂಬಗಳೇ ಇಲ್ಲದೆ ಒಂದು ಇಡೀ ಹಂಗಾಮು ಕೈತಪ್ಪಿತು, ವಿಳಂಬದ ದಂಡವನ್ನು ನಮ್ಮ ಬಿಲ್ಲಿನಲ್ಲಿ ಮುರಿದುಕೊಂಡರು. ಆ ತಿಂಗಳ ನನ್ನ ವರದಿಯಲ್ಲೂ ಎಸ್‌ಪಿಐ ಒಂದಕ್ಕಿಂತ ಮೇಲೆಯೇ ಇತ್ತು!

ಈ ಸೂಚ್ಯಂಕಕ್ಕೆ ಇನ್ನೊಂದು ದೋಷವೂ ಇದೆ. ಕಾಮಗಾರಿ ಎಷ್ಟೇ ತಡವಾಗಿ ಮುಗಿಯಲಿ, ಮುಗಿದ ದಿನ ಆದ ಕೆಲಸವೂ ಆಗಬೇಕಿದ್ದ ಕೆಲಸವೂ ಸಮವಾಗುವುದರಿಂದ ಅದು 1ಕ್ಕೇ ಬಂದು ನಿಲ್ಲುತ್ತದೆ. ಇದನ್ನು ಸರಿಪಡಿಸಲೆಂದೇ ಯೋಜನಾ ನಿರ್ವಹಣಾ ತಜ್ಞ ವಾಲ್ಟ್ ಲಿಪ್ಕೆ 2003ರಲ್ಲಿ ಹಣದ ಬದಲು ಕಾಲದಲ್ಲಿ ಅಳೆಯುವ ‘ಅರ್ನ್ಡ್ ಷೆಡ್ಯೂಲ್’ ವಿಧಾನವನ್ನು ಮುಂದಿಟ್ಟರು. ಆದರೆ ಅದೂ ಅದೇ ಮೌಲ್ಯಗಳ ಮೊತ್ತದ ಮೇಲೆ ನಿಂತಿರುವುದರಿಂದ ನನ್ನ ಗರ್ಡರುಗಳ ಮೋಸವನ್ನು ಅದೊಂದೇ ಹಿಡಿಯುತ್ತಿರಲಿಲ್ಲ.

ಹಾಗಾಗಿ ನನ್ನ ಪ್ರಕಾರ ಮೂರು ಸಾಕು: ಖರ್ಚಿಗೆ ಸಿಪಿಐ (ಆದ ಕೆಲಸದ ಬಜೆಟ್ ಮೌಲ್ಯವನ್ನು ಅದಕ್ಕೆ ತಗಲಿದ ನಿಜವಾದ ಖರ್ಚಿನಿಂದ ಭಾಗಿಸಿದ ಅಂಕಿ), ಕ್ರಿಟಿಕಲ್ ಪಾತ್‌ಗೆ (ತಡವಾದರೆ ಇಡೀ ಕಾಮಗಾರಿಯನ್ನೇ ತಡಮಾಡುವ ಕೆಲಸಗಳ ಸರಣಿಗೆ) ಹತ್ತಿರವಿರುವ ಕೆಲಸಗಳಲ್ಲಿ ಉಳಿದಿರುವ ಫ್ಲೋಟ್ (ಮುಗಿಯುವ ದಿನ ಕೆಡದಂತೆ ತಡಮಾಡಬಹುದಾದ ಅವಧಿ), ಮತ್ತು ಮುಂದಿನ ಆರು ವಾರಗಳ ಕೆಲಸಗಳಿಗೆ ಅಡ್ಡ ನಿಂತಿರುವ ಅನುಮತಿ, ಡ್ರಾಯಿಂಗ್, ಜಾಗದ ತಕರಾರುಗಳ ಸಂಖ್ಯೆ. ಮೂರನೆಯದನ್ನು ನಾನು ಓದಿದ ಯಾವ ಪಠ್ಯಪುಸ್ತಕವೂ ಮೊದಲು ಹೇಳುವುದಿಲ್ಲ, ನಾನಂತೂ ಅದನ್ನೇ ಮೊದಲು ನೋಡುತ್ತೇನೆ. ‘ತೊಂಬತ್ತು ಪರ್ಸೆಂಟ್ ಆಗಿದೆ ಸರ್’ ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಣ್ಣ ಕೆಲಸಗಳಿಗೆ ಮುಗಿದಿದ್ದರೆ ನೂರು, ಇಲ್ಲದಿದ್ದರೆ ಸೊನ್ನೆ ಎಂದೇ ಬರೆಯಿರಿ. ಸೈಟ್ ಎಂಜಿನಿಯರುಗಳ ಬೋನಸ್ಸನ್ನು ಈ ಯಾವ ಅಂಕಿಗೂ ಕಟ್ಟಬೇಡಿ; ಕಟ್ಟಿದರೆ ಅವರು ಮೊದಲು ಮಾಡುವುದು ಬಿಲ್ ಹೆಚ್ಚು ಬರುವ ಕೆಲಸವನ್ನೇ.

ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ನಿಮ್ಮದು ಒಂದೇ ಸೇತುವೆಯಾದರೆ ಎಕ್ಸೆಲ್ ಸಾಕು.